ಗಾಳಿಯಲ್ಲಿ ಆರಂಭವಾಗುವ ಓರೆ

ನಾಸಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕಿನ ಹೆಸರು ಕನ್ನಡ ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಈರುಳ್ಳಿಯ ದರ ಏರಿದಾಗ ಇಲ್ಲವೇ ಕುಸಿದಾಗ, ಏಕೆಂದರೆ ದೇಶದ ಈರುಳ್ಳಿ ವಹಿವಾಟು ಯಾವ ಮಾರುಕಟ್ಟೆಯ ಮುಖ ನೋಡಿ ನಡೆಯುತ್ತದೆಯೋ ಆ ಲಾಸಲಗಾಂವ್ ಇರುವುದು ಈ ತಾಲ್ಲೂಕಿನಲ್ಲಿ. ಈರುಳ್ಳಿಯ ಜೊತೆಗೆ ಇಲ್ಲಿ ದ್ರಾಕ್ಷಿಯೂ ಹೇರಳವಾಗಿ ಬೆಳೆಯುತ್ತದೆ. ದ್ರಾಕ್ಷಿ ಇರುವಲ್ಲಿ ಕೊಳವೆಬಾವಿ, ಪಂಪು, ಹನಿ ನೀರಾವರಿಯ ಶೋಧಕ, ಟ್ರ್ಯಾಕ್ಟರಿನ ಬೆನ್ನಿಗೆ ಕಟ್ಟಿದ ಔಷಧ ಸಿಂಪರಣೆಯ ಯಂತ್ರ ಇವೆಲ್ಲ ಇದ್ದೇ ಇರುತ್ತವೆ, ಮತ್ತು ಇವೆಲ್ಲದರೊಳಗೂ ನೀರು ಒತ್ತಡಕ್ಕೆ ಸಿಕ್ಕಿ ಹರಿಯುತ್ತದೆ. ಹೀಗೆ ಹರಿಯುವ ನೀರನ್ನು ಲೋಹದ ಕೊಳವೆಗಳ ಸಂದಿಯಲ್ಲಿ ಸೋರದಂತೆ ತಡೆಯುವ ಬಹಳ ಹಳೆಯ, ಇಂದಿಗೂ ಚಾಲ್ತಿಯಲ್ಲಿರುವ ಉಪಾಯವೆಂದರೆ ಟೇಪರ್ ಥ್ರೆಡ್, ಅಂದರೆ ಬಾಯಿಯ ಕಡೆಗೆ ಕಿರಿದಾಗಿ ಒಳಕ್ಕೆ ಹೋದಂತೆ ತುಸುತುಸುವೇ ದಪ್ಪವಾಗುವ ತಿರುಪು. ಅದನ್ನು ಕಂಪ್ಯೂಟರ್ ನಿಯಂತ್ರಿತ ಲೇತ್ ಯಂತ್ರದಲ್ಲಿ, ಕಾರ್ಖಾನೆಯ ಮಾತಿನಲ್ಲಿ ಹೇಳುವುದಾದರೆ ಸಿಎನ್‌ಸಿಯಲ್ಲಿ, ಕೊರೆಯುವುದು ಮೇಲ್ನೋಟಕ್ಕೆ ಒಂದೆರಡು ಸಾಲಿನ ಆದೇಶದ ಕೆಲಸ. ಆದರೆ ಆ ಸಾಲುಗಳಲ್ಲಿರುವ ಒಂದು ಸಣ್ಣ ಸಂಖ್ಯೆ ಎಲ್ಲಿಂದ ಬರುತ್ತದೆ ಎಂಬುದನ್ನು ಗ್ರಹಿಸದೆ ಬರೆದರೆ, ಅಳತೆಗೆ ಸರಿಹೋದ ತುಂಡೇ ಜೋಡಿಸಿದ ಮೇಲೆ ಸೋರುತ್ತದೆ.

ಸಾಮಾನ್ಯ ಬೋಲ್ಟಿನ ಎಳೆಗೂ ಇದಕ್ಕೂ ಇರುವ ವ್ಯತ್ಯಾಸ ಕೇವಲ ಆಕಾರದ್ದಲ್ಲ. ಬೋಲ್ಟಿನ ಥ್ರೆಡ್ ಉದ್ದಕ್ಕೂ ಒಂದೇ ವ್ಯಾಸದ್ದು. ಎರಡು ಭಾಗಗಳನ್ನು ಒಂದಕ್ಕೊಂದು ಎಳೆದು ಹಿಡಿಯುವುದಷ್ಟೇ ಅದರ ಕೆಲಸ, ದ್ರವವನ್ನು ತಡೆಯುವ ಹೊಣೆ ವಾಷರ್, ರಬ್ಬರ್ ಉಂಗುರ ಅಥವಾ ಬೇರೊಂದು ಮೇಲ್ಮೈಯದು. ಬೆಂಗಳೂರಿನ ಆಡುಗೋಡಿಯಲ್ಲಿ ಬೇರುಬಿಟ್ಟು ನಾಸಿಕ್‌ನಲ್ಲೂ ಕಾರ್ಖಾನೆ ತೆರೆದ ಮೈಕೋ, ಅಂದರೆ ಇಂದಿನ ಬಾಷ್, ತಯಾರಿಸುವ ಡೀಸೆಲ್ ಇಂಜೆಕ್ಟರುಗಳನ್ನೇ ನೋಡಬಹುದು: ಅಲ್ಲಿಗೆ ಇಂಧನ ತರುವ ಅಧಿಕ ಒತ್ತಡದ ಕೊಳವೆಯ ತುದಿಯಲ್ಲಿ ಶಂಕುವಿನಾಕಾರದ ಲೋಹದ ತಲೆಯೊಂದಿದ್ದು, ಅದು ಎದುರಿನ ಕುಳಿಗೆ ಒತ್ತಿ ಕೂತಾಗ ಸೋರಿಕೆ ನಿಲ್ಲುತ್ತದೆ, ನಟ್ಟಿನ ಎಳೆ ಅದನ್ನು ಒತ್ತಿ ಹಿಡಿಯುತ್ತದೆ ಅಷ್ಟೆ. ಟೇಪರ್ ಥ್ರೆಡ್ಡಿನಲ್ಲಿ ಈ ಎರಡೂ ಕೆಲಸಗಳು ಎಳೆಯ ಮೇಲೇ ಬೀಳುತ್ತವೆ. ಸೀಸೆಯ ಬಾಯಿಗೆ ಬೂಚು ಒತ್ತಿದ ಹಾಗೆ, ತಿರುಗಿಸಿದಷ್ಟೂ ಗಂಡು ಎಳೆ ಹೆಣ್ಣು ಎಳೆಯೊಳಗೆ ಬಿಗಿಯಾಗುತ್ತ ಹೋಗಿ, ಎಳೆಗಳ ಓರೆಬದಿಗಳೇ ಒಂದನ್ನೊಂದು ಒತ್ತಿ ದಾರಿ ಮುಚ್ಚುತ್ತವೆ. ಪೂರ್ತಿ ಮುಚ್ಚುವುದಿಲ್ಲ ಎಂಬುದೂ ನಿಜ. ಎಳೆಯ ತುದಿ ಮತ್ತು ಎದುರಿನ ತಳದ ನಡುವೆ ಸುರುಳಿಯಾಕಾರದ ಕೂದಲೆಳೆಯಷ್ಟು ಸಂದಿ ಉಳಿದೇ ಇರುವುದರಿಂದ, ಹಿಂದಿನ ಕಾಲದ ನಲ್ಲಿ ರಿಪೇರಿಯವರು ನಾರು ಸುತ್ತಿ ಸಫೇದಾ ಬಳಿಯುತ್ತಿದ್ದರು, ಇಂದಿನವರು ಬಿಳಿಯ ಟೆಫ್ಲಾನ್ ಟೇಪ್ ಸುತ್ತುತ್ತಾರೆ. ಓರೆ ಸರಿಯಿದ್ದಾಗ ಟೇಪಿಗೆ ಉಳಿಯುವುದು ಆ ಕೂದಲೆಳೆಯಷ್ಟು ಕೆಲಸ ಮಾತ್ರ. ಓರೆಯೇ ತಪ್ಪಿದ್ದರೆ ಎಷ್ಟು ಟೇಪ್ ಸುತ್ತಿದರೂ ಅದು ತೇಪೆಯಷ್ಟೇ.

ಈ ಓರೆಯ ಪ್ರಮಾಣ ಹತ್ತೊಂಬತ್ತನೆಯ ಶತಮಾನದಲ್ಲಿ ನೆಲೆಗೊಂಡದ್ದು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ, ಕಾರ್ಖಾನೆಗೊಂದು ಬಗೆಯ ತಿರುಪು ಇರುವ ಗೊಂದಲಕ್ಕೆ ಕೊನೆ ಹಾಡಲು, 55 ಡಿಗ್ರಿ ಕೋನದ ಏಕರೂಪದ ಎಳೆಯನ್ನು ಮುಂದಿಟ್ಟರು. ಅದರ ಮರುವರ್ಷ, 1842ರ ಜನವರಿ 18ರಂದು, ನಿಫಾಡ್‌ನಲ್ಲಿ ಮಹದೇವ ಗೋವಿಂದ ರಾನಡೆ ಹುಟ್ಟಿದರು. ಬರೀ ಬೇಸಾಯದ ಮೇಲೆ ನಿಂತ ದೇಶ ಬಡತನ ನೀಗಲಾರದು, ಯಂತ್ರೋದ್ಯಮ ಬೆಳೆಯಲೇಬೇಕು ಎಂದು ವಾದಿಸಿ 1890ರಲ್ಲಿ ಪುಣೆಯಲ್ಲಿ ಕೈಗಾರಿಕಾ ಸಮ್ಮೇಳನ ನಡೆಯಲು ಕಾರಣರಾದವರು ಇವರೇ. ವಿಟ್‌ವರ್ತ್ ಎಳೆಯ ಮೇಲೆ ನಿಂತ ಬ್ರಿಟಿಷ್ ಪೈಪ್ ಥ್ರೆಡ್, ಅಂದರೆ ಬಿಎಸ್‌ಪಿ, ವಸಾಹತು ಆಡಳಿತದ ಜೊತೆಗೇ ಭಾರತಕ್ಕೂ ಬಂದು ಇಂದು ಐಎಸ್ 554 ಎಂಬ ಭಾರತೀಯ ಮಾನಕದ ರೂಪದಲ್ಲಿ ಜೀವಂತವಾಗಿದೆ. ಅಮೆರಿಕದಲ್ಲಿ ರಾಬರ್ಟ್ ಬ್ರಿಗ್ಸ್ ರೂಪಿಸಿದ ಎಳೆ 60 ಡಿಗ್ರಿಯದು. ಎನ್‌ಪಿಟಿ ಎಂಬ ಹೆಸರಿನ ಅದು ತೈಲ, ರಾಸಾಯನಿಕ ಮತ್ತು ಹೈಡ್ರಾಲಿಕ್ ಉಪಕರಣಗಳ ಜೊತೆಗೆ ಬರುತ್ತದೆ. ಕೋನ ಬೇರೆಯಾದರೂ ಎರಡರ ಓರೆಯೂ ಒಂದೇ: ಉದ್ದದಲ್ಲಿ 16 ಮಿಲಿಮೀಟರ್ ಸಾಗಿದರೆ ವ್ಯಾಸದಲ್ಲಿ 1 ಮಿಲಿಮೀಟರ್ ಹೆಚ್ಚಳ. ಅರ್ಧ ಇಂಚು ಮತ್ತು ಮುಕ್ಕಾಲು ಇಂಚಿನ ಅಳತೆಗಳಲ್ಲಿ ಎರಡಕ್ಕೂ ಇಂಚಿಗೆ 14 ಎಳೆಗಳೇ ಇರುವುದರಿಂದ ಒಂದರೊಳಗೆ ಇನ್ನೊಂದು ಸಲೀಸಾಗಿ ತಿರುಗಿ ಕೂತೂ ಬಿಡುತ್ತದೆ, ಒತ್ತಡ ಏರಿದೊಡನೆ ಸೋರುತ್ತದೆ. ಕಾಲು ಇಂಚಿನಲ್ಲಿ ಒಂದಕ್ಕೆ 19, ಇನ್ನೊಂದಕ್ಕೆ 18 ಎಳೆಗಳಿರುವುದರಿಂದ ಅದು ಎರಡು ಮೂರು ಸುತ್ತಿಗೇ ಬಿಗಿದು ಎಚ್ಚರಿಸುತ್ತದೆ. ಹೊಂದದಿರುವುದಕ್ಕಿಂತ ಹೊಂದಿದಂತೆ ತೋರುವುದೇ ಹೆಚ್ಚು ಅಪಾಯ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಹದಿನಾರಕ್ಕೆ ಒಂದು ಎಂಬ ಅನುಪಾತದೊಳಗೆ ಅಳತೆಯ ಒಂದು ಗುಟ್ಟೂ ಅಡಗಿದೆ. ಟೇಪರ್ ಥ್ರೆಡ್ಡನ್ನು ಪರೀಕ್ಷಿಸುವುದು ರಿಂಗ್ ಗೇಜಿನಿಂದ, ಅಂದರೆ ಒಳಗೆ ಕರಾರುವಾಕ್ಕಾದ ಟೇಪರ್ ಎಳೆ ಇರುವ ಗಟ್ಟಿ ಉಕ್ಕಿನ ಬಳೆಯಿಂದ. ಅದನ್ನು ಕೈಯಿಂದ ತಿರುಗಿಸಿ, ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ನೋಡುತ್ತಾರೆ. ಅರ್ಧ ಇಂಚಿನ ಬಿಎಸ್‌ಪಿ ಎಳೆಯಲ್ಲಿ, ಬಾಯಿಯಿಂದ 8.2 ಮಿ.ಮೀ. ಒಳಗಿರುವ ಒಂದು ಕಲ್ಪಿತ ಅಡ್ಡಕೊಯ್ತದಲ್ಲಿ ಹೊರವ್ಯಾಸ 20.955 ಮಿ.ಮೀ. ಇರಬೇಕು, ಆ ಜಾಗ ಒಂದು ಸುತ್ತಿನಷ್ಟು, ಅಂದರೆ 1.8 ಮಿ.ಮೀ.ನಷ್ಟು, ಹಿಂದೆ ಮುಂದೆ ಆದರೂ ಮಾನಕ ಒಪ್ಪುತ್ತದೆ. ವ್ಯಾಸದಲ್ಲಿ 0.1 ಮಿ.ಮೀ. ಹೆಚ್ಚಾದರೆ ಗೇಜ್ ನಿಲ್ಲುವ ಜಾಗ 1.6 ಮಿ.ಮೀ. ಜರುಗುತ್ತದೆ, ಅಂದರೆ ಬರಿಗಣ್ಣಿಗೆ ಕಾಣದ ವ್ಯತ್ಯಾಸವನ್ನು ಓರೆಯೇ ಹದಿನಾರು ಪಟ್ಟು ಹಿಗ್ಗಿಸಿ ಕಣ್ಣೆದುರಿಗೆ ತರುತ್ತದೆ. ನಿಫಾಡ್‌ನ ಚಳಿ ಮಹಾರಾಷ್ಟ್ರದಲ್ಲಿ ಹೆಸರುವಾಸಿ. ತಾಪಮಾನ ಒಂದಂಕಿಗೆ ಇಳಿಯುವ ಅಂಥ ಮುಂಜಾವಿನಲ್ಲಿ ತಣ್ಣಗಿದ್ದ ಲೇತ್ ಕೆಲಸಕ್ಕೆ ತೊಡಗಿ ಬಿಸಿಯೇರುವ ಹೊತ್ತಿಗೆ ಉಪಕರಣದ ಸ್ಥಾನ ವ್ಯಾಸದ ಲೆಕ್ಕದಲ್ಲಿ 0.02 ಮಿ.ಮೀ. ಸರಿದರೂ, ಗೇಜಿನ ಮೇಲೆ ಅದು 0.32 ಮಿ.ಮೀ. ಆಗಿ ಕಾಣುತ್ತದೆ. ಆದ್ದರಿಂದಲೇ ಬಲ್ಲ ಸೆಟ್ಟರ್ ಯಂತ್ರವನ್ನು ಸ್ವಲ್ಪ ಹೊತ್ತು ಖಾಲಿ ಓಡಿಸಿದ ಬಳಿಕವೇ ಮೊದಲ ಜಾಬಿನ ಅಳತೆಯನ್ನು ನಂಬುತ್ತಾನೆ.

ಸಿಎನ್‌ಸಿ ಬರುವ ಮೊದಲು ಈ ಎಳೆಯನ್ನು ಕೊರೆಯುತ್ತಿದ್ದ ಬಗೆಯನ್ನು ಬಹಳ ವಿಸ್ತರಿಸಬೇಕಿಲ್ಲ. ಕೊಳವೆಯ ತುದಿಗೆ ಡೈ ಹಾಕಿ ಕೈಯಿಂದ ತಿರುಗಿಸುವುದು ಒಂದು ದಾರಿ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್‌ಎಂಟಿಯ ಲೇತ್‌ಗಳಂಥ ಸಾದಾ ಯಂತ್ರಗಳಲ್ಲಿ ಹಿಂಬದಿಯ ಟೈಲ್‌ಸ್ಟಾಕನ್ನು ಪಕ್ಕಕ್ಕೆ ಸರಿಸಿ ಅಥವಾ ಓರೆಪಟ್ಟಿಯ ಜೋಡಣೆ ಹಾಕಿ ಕೊರೆಯುವುದು ಇನ್ನೊಂದು ದಾರಿ. ಓರೆಪಟ್ಟಿಯ ವಿಶೇಷವೆಂದರೆ ಅದರ ಓರೆ ಕಣ್ಣಿಗೆ ಕಾಣುವ ಲೋಹದ ಪಟ್ಟಿಯಲ್ಲೇ ಇರುತ್ತದೆ. ಉಪಕರಣ ಎಲ್ಲಿಂದ ಹೊರಟರೂ ಆ ಪಟ್ಟಿಯ ಕೋನ ಬದಲಾಗುವುದಿಲ್ಲ. ಸಿಎನ್‌ಸಿಯಲ್ಲಿ ಅಂಥ ಪಟ್ಟಿಯಿಲ್ಲ, ಅಲ್ಲಿ ಓರೆ ಎಂದರೆ ಎರಡು ಬಿಂದುಗಳ ನಡುವಿನ ಸರಳರೇಖೆ, ಮತ್ತು ಆ ಎರಡರಲ್ಲಿ ಒಂದು ಬಿಂದು ಲೋಹವನ್ನು ಮುಟ್ಟುವುದೇ ಇಲ್ಲ.

ಹೀಗೇಕೆ ಎನ್ನುವುದಕ್ಕೆ ಯಂತ್ರ ಎಳೆಯನ್ನು ಕೊರೆಯುವ ವಿಧಾನವನ್ನೇ ನೋಡಬೇಕು. ಲೇತ್‌ನಲ್ಲಿ ಚಕ್ ಹಿಡಿದ ತುಂಡು ತಿರುಗುತ್ತದೆ, ಉಪಕರಣ ಅದರ ಪಕ್ಕದಲ್ಲಿ ಸಾಗುತ್ತದೆ. ತುಂಡು ಒಂದು ಸುತ್ತು ತಿರುಗುವಷ್ಟರಲ್ಲಿ ಉಪಕರಣ ಒಂದು ಎಳೆಯ ಅಂತರದಷ್ಟು, ಅರ್ಧ ಇಂಚಿನ ಎಳೆಯಾದರೆ 1.814 ಮಿ.ಮೀ., ಸಾಗಿರಲೇಬೇಕು. ಒಂದೇ ಸಲಕ್ಕೆ ಪೂರ್ತಿ ಆಳ ಕೊರೆಯಲಾಗದಿರುವುದರಿಂದ ಅದೇ ಜಾಡಿನಲ್ಲಿ ಹತ್ತು ಹನ್ನೆರಡು ಸಲ, ಅಂದರೆ ಹತ್ತು ಹನ್ನೆರಡು ಪಾಸುಗಳಲ್ಲಿ, ಹೋಗಬೇಕು. ಪ್ರತಿ ಸಲವೂ ತುಂಡು ಅದೇ ಕೋನಕ್ಕೆ ಬಂದಾಗಲೇ ಉಪಕರಣ ಹೊರಡಬೇಕು. ಇದನ್ನು ನೋಡಿಕೊಳ್ಳುವುದು ಸ್ಪಿಂಡಲ್‌ಗೆ ಜೋಡಿಸಿದ ಎನ್‌ಕೋಡರ್ ಎಂಬ ಸಾಧನ. ಅದು ಸುತ್ತಿಗೊಮ್ಮೆ ಒಂದು ಸಂಕೇತ ಕೊಡುತ್ತದೆ, ಯಂತ್ರ ಆ ಸಂಕೇತಕ್ಕೆ ಕಾದು ಹೊರಡುತ್ತದೆ. ನಿಮಿಷಕ್ಕೆ 1,500 ಸುತ್ತಿನ ವೇಗದಲ್ಲಿ ಉಪಕರಣ ಸೆಕೆಂಡಿಗೆ ಸುಮಾರು 45 ಮಿ.ಮೀ. ಓಡಬೇಕಾಗುತ್ತದೆ, ಅಂದರೆ 20 ಮಿ.ಮೀ. ಜಾಡನ್ನು ಅರ್ಧ ಸೆಕೆಂಡಿಗೂ ಮೊದಲೇ ಮುಗಿಸಬೇಕಾಗುತ್ತದೆ. ನಿಂತಲ್ಲಿಂದ ಆ ವೇಗಕ್ಕೆ ಏರಲು ಉಪಕರಣಕ್ಕೆ ಸ್ವಲ್ಪ ದೂರ ಬೇಕು. ಆ ದೂರದಲ್ಲಿ ಕೊರೆದರೆ ಎಳೆಗಳು ಒತ್ತೊತ್ತಾಗಿ ಕೆಡುತ್ತವೆ. ಆದ್ದರಿಂದ ತುಂಡಿನ ಬಾಯಿಯಿಂದ ಎರಡು ಮೂರು ಎಳೆಗಳಷ್ಟು ಹೊರಗೆ, ಬರಿಯ ಗಾಳಿಯಲ್ಲಿ, ಓಟ ಆರಂಭವಾಗುತ್ತದೆ. ವ್ಯಾಸ ಬದಲಾದಂತೆ ಸುತ್ತಿನ ವೇಗವನ್ನೂ ಬದಲಿಸುವ ಜಿ96 ಆದೇಶವನ್ನು ಥ್ರೆಡ್ ಕೊರೆಯುವಾಗ ಬಿಟ್ಟು, ಸುತ್ತನ್ನು ಸ್ಥಿರವಾಗಿಡುವ ಜಿ97 ಹಾಕುವುದಕ್ಕೂ ಇದೇ ಕಾರಣ. ಓರೆಯ ಮೇಲೆ ವ್ಯಾಸ ಬದಲಾಗುತ್ತಲೇ ಇರುವುದರಿಂದ ಅಲ್ಲಿ ಜಿ96 ಉಳಿದುಬಿಟ್ಟರೆ ಒಂದು ಪಾಸಿನ ಜಾಡಿನ ಮೇಲೆ ಇನ್ನೊಂದು ಪಾಸಿನ ಜಾಡು ಕೂರುವುದಿಲ್ಲ.

ಈಗ ಆ ಸಣ್ಣ ಸಂಖ್ಯೆಯ ಲೆಕ್ಕಕ್ಕೆ ಬರಬಹುದು. ಭಾರತದ ಕಾರ್ಖಾನೆಗಳಲ್ಲಿ ವ್ಯಾಪಕವಾಗಿರುವ ಫ್ಯಾನಕ್ ನಿಯಂತ್ರಕದಲ್ಲಿ ಥ್ರೆಡ್ಡಿಗೆ ಜಿ76 ಎಂಬ ಆದೇಶವಿದೆ. ಅದರಲ್ಲಿ ಎಳೆ ಮುಗಿಯುವ ಬಿಂದುವಿನ ವ್ಯಾಸವನ್ನೂ ಉದ್ದವನ್ನೂ, ಎಳೆಯ ಆಳವನ್ನೂ, ಅಂತರವನ್ನೂ ಕೊಟ್ಟು, ಓರೆಗಾಗಿ ಆರ್ ಎಂಬ ಅಕ್ಷರದ ಮುಂದೆ ಆರಂಭ ಮತ್ತು ಅಂತ್ಯದ ತ್ರಿಜ್ಯಗಳ ವ್ಯತ್ಯಾಸವನ್ನು ಬರೆಯಬೇಕು. ಅರ್ಧ ಇಂಚಿನ ಬಿಎಸ್‌ಪಿಯಲ್ಲಿ 20.955ರಿಂದ 8.2ರ ಹದಿನಾರನೆಯ ಒಂದು ಭಾಗವನ್ನು ಕಳೆದರೆ ಬಾಯಿಯ ಹೊರವ್ಯಾಸ 20.442 ಎಂದು ಬರುತ್ತದೆ, ಬಾಯಿಯಿಂದ 15 ಮಿ.ಮೀ. ಒಳಗೆ ಅದು 21.380 ಆಗುತ್ತದೆ, ಎಳೆಯ ಆಳ 1.162 ಮಿ.ಮೀ. ಆದುದರಿಂದ ಅಲ್ಲಿ ತಳದ ವ್ಯಾಸ 19.056. ಇಷ್ಟರವರೆಗೆ ನಕ್ಷೆ ನೋಡಿ ಯಾರು ಬೇಕಾದರೂ ಬರೆಯಬಹುದು. ತ್ರಿಜ್ಯದ ಲೆಕ್ಕದಲ್ಲಿ ಓರೆ 32ಕ್ಕೆ 1 ಆಗುವುದರಿಂದ, ಎಳೆಯ ಉದ್ದ 15 ಎಂದುಕೊಂಡು 15ನ್ನು 32ರಿಂದ ಭಾಗಿಸಿ 0.469 ಎಂದು ಬರೆಯುವುದು ಸಹಜವಾಗಿ ಹೊಳೆಯುವ ದಾರಿ. ಅದೇ ತಪ್ಪು ದಾರಿ. ಉಪಕರಣ ಹೊರಡುವುದು ಬಾಯಿಯಿಂದಲ್ಲ, ಬಾಯಿಯಿಂದ 5 ಮಿ.ಮೀ. ಹೊರಗಿನಿಂದ, ಯಂತ್ರ ಎಳೆಯುವ ರೇಖೆಯ ಉದ್ದ 20, ಆದ್ದರಿಂದ ಬರೆಯಬೇಕಾದದ್ದು 20ನ್ನು 32ರಿಂದ ಭಾಗಿಸಿದ 0.625. ಹೊರ ಎಳೆಗೆ ಅದರ ಮುಂದೆ ಋಣಚಿಹ್ನೆ ಇರಬೇಕು, ಏಕೆಂದರೆ ಆರಂಭದ ಬಿಂದು ಅಂತ್ಯಕ್ಕಿಂತ ಕಿರಿದು. ಚಿಹ್ನೆ ತಪ್ಪಿದರೆ ಓರೆ ತಲೆಕೆಳಗಾಗಿ ಗೇಜ್ ಬಾಯಿಗೇ ಹತ್ತುವುದಿಲ್ಲ, ಹಾಗಾಗಿ ಆ ತಪ್ಪು ಬೇಗ ಸಿಕ್ಕಿಬೀಳುತ್ತದೆ.

ಸಂಖ್ಯೆ ತಪ್ಪಿದರೆ ಹಾಗಲ್ಲ. 0.469 ಎಂದು ಬರೆದಾಗ ಯಂತ್ರ ಅಷ್ಟು ಇಳಿತವನ್ನು 15ರ ಬದಲು 20 ಮಿ.ಮೀ. ಉದ್ದಕ್ಕೆ ಹರಡಿಬಿಡುತ್ತದೆ, ಓರೆ 16ಕ್ಕೆ 1ರ ಬದಲು ಸುಮಾರು 21ಕ್ಕೆ 1 ಆಗುತ್ತದೆ. ಒಳತುದಿಯ ವ್ಯಾಸ ಸರಿಯಿದ್ದು ಬಾಯಿ ಮಾತ್ರ 0.23 ಮಿ.ಮೀ. ದಪ್ಪ ಉಳಿಯುವುದರಿಂದ ಗೇಜ್ ಮೂರೂ ಮುಕ್ಕಾಲು ಮಿ.ಮೀ. ಮೊದಲೇ ನಿಲ್ಲುತ್ತದೆ. ಇದನ್ನು ಕಂಡ ಆಪರೇಟರ್ ಮಾಡುವುದೇನು? ಉಪಕರಣ ಸವೆದಿರಬೇಕೆಂದು ಬಗೆದು, ಸವೆತ ಸರಿದೂಗಿಸುವ ಆಫ್‌ಸೆಟ್‌ನಲ್ಲಿ 0.23 ಕಳೆಯುತ್ತಾನೆ. ಇಡೀ ಎಳೆ ಅಷ್ಟು ಸಣ್ಣದಾಗಿ, ಮುಂದಿನ ತುಂಡಿನ ಮೇಲೆ ಗೇಜ್ ಹೇಳಿಮಾಡಿಸಿದಂತೆ ಗುರುತಿಗೆ ಬಂದು ನಿಲ್ಲುತ್ತದೆ, ತಪಾಸಣೆಯ ಹಾಳೆಯ ಮೇಲೆ ಸರಿ ಗುರುತು ಬೀಳುತ್ತದೆ. ಆದರೆ ಆ ಗೇಜ್ ಕಚ್ಚಿ ಹಿಡಿದಿರುವುದು ಬಾಯಿಯ ಬಳಿಯ ಒಂದೆರಡು ಎಳೆಗಳನ್ನು ಮಾತ್ರ, ಒಳಗಿನ ಎಳೆಗಳು ಸಡಿಲವಾಗಿಯೇ ಇರುತ್ತವೆ. ಗೇಜ್ ನಿಲ್ಲುವ ಜಾಗ ಹೇಳುವುದು ವ್ಯಾಸವನ್ನು, ಓರೆಯನ್ನಲ್ಲ. ಒಂದೇ ಅಳತೆಯಿಂದ ಎರಡನ್ನೂ ತಿಳಿಯಬಹುದೆಂದು ನಂಬುವುದರಲ್ಲೇ ಈ ಎಳೆಯ ಬಹುಪಾಲು ಸೋರಿಕೆಯ ಮೂಲವಿದೆ ಎಂದರೆ ಅತಿಶಯೋಕ್ತಿಯಾಗಲಾರದು. ಓರೆಯನ್ನು ತಿಳಿಯಲು ಎಳೆಗೆ ತೆಳುವಾಗಿ ನೀಲಿ ಬಣ್ಣ ಹಚ್ಚಿ ಗೇಜ್ ತಿರುಗಿಸಿ, ಬಣ್ಣ ಉದ್ದಕ್ಕೂ ಸಮನಾಗಿ ಅಳಿಸಿದೆಯೇ ಅಥವಾ ಒಂದೇ ತುದಿಯಲ್ಲಿ ಅಳಿಸಿದೆಯೇ ಎಂದು ನೋಡಬೇಕು. ಅನುಭವಿಯ ಬೆರಳಿಗೆ ಬಣ್ಣವೂ ಬೇಡ, ಬಿಗಿಯಾಗಿ ನಿಂತ ಗೇಜನ್ನು ಅಲ್ಲಾಡಿಸಿದಾಗ ಅದು ಮಿಸುಕಿದರೆ ಸಾಕು.

ಸರಿಯಾಗಿ ಬರೆದ ಪ್ರೋಗ್ರಾಮೂ ಮುಂದೆ ಕೆಡಬಹುದು. ಟೈಲ್‌ಸ್ಟಾಕಿಗೆ ಉಪಕರಣ ತಗಲುತ್ತದೆ ಎಂದೋ, ಸಮಯ ಉಳಿಯುತ್ತದೆ ಎಂದೋ ಯಾರಾದರೂ ಆರಂಭದ 5 ಮಿ.ಮೀ.ಯನ್ನು 3ಕ್ಕೆ ಇಳಿಸಿ ಆರ್ ಸಂಖ್ಯೆಯನ್ನು ಹಾಗೆಯೇ ಬಿಟ್ಟರೆ, ಓರೆ 14.4ಕ್ಕೆ 1 ಆಗಿ ಕಡಿದಾಗುತ್ತದೆ. ಆಗ ಕಚ್ಚುವುದು ಒಳಗಿನ ಎಳೆಗಳು, ಸಡಿಲವಾಗುವುದು ಬಾಯಿ. ಸೀಮನ್ಸ್ ನಿಯಂತ್ರಕದ ಥ್ರೆಡ್ ಆವರ್ತನದಲ್ಲಿ ಎಳೆಯ ಎರಡೂ ತುದಿಗಳ ವ್ಯಾಸವನ್ನೂ ಓಟದ ದೂರವನ್ನೂ ಬೇರೆಬೇರೆಯಾಗಿ ಕೇಳಿ ಗಾಳಿಯಲ್ಲಿನ ಓರೆಯನ್ನು ಯಂತ್ರವೇ ಲೆಕ್ಕ ಹಾಕುವುದರಿಂದ ಈ ತೊಡಕಿಲ್ಲ; ಈ ಒಂದು ವಿಷಯದಲ್ಲಾದರೂ ಅದು ಹೆಚ್ಚು ವಿವೇಕದ ವಿನ್ಯಾಸ. ಫ್ಯಾನಕ್‌ನ ದಾರಿಗೆ ಒಗ್ಗಿದ ಪ್ರೋಗ್ರಾಮರ್‌ಗಳು ನಕ್ಷೆಯಲ್ಲಿ ಇಲ್ಲದ ಆ ದೂರವನ್ನು ಪ್ರತಿ ಸಲವೂ ನೆನಪಿಟ್ಟುಕೊಂಡೇ ಕೂಡಿಸಬೇಕು.

ಆಳದ ಹಂಚಿಕೆಗೂ ತನ್ನದೇ ಲೆಕ್ಕವಿದೆ. ಎಳೆ ಆಳವಾದಷ್ಟೂ ಇಂಗ್ಲಿಷಿನ ವಿ ಅಕ್ಷರದಂಥ ಕುಳಿ ಅಗಲವಾಗುವುದರಿಂದ ಪ್ರತಿ ಪಾಸಿಗೂ ಒಂದೇ ಆಳ ಕೊಟ್ಟರೆ ಕೊನೆಯ ಪಾಸುಗಳಲ್ಲಿ ಉಪಕರಣದ ಮೇಲೆ ಹೊರೆ ಮಿತಿಮೀರುತ್ತದೆ. ಅದಕ್ಕಾಗಿ ಜಿ76 ಪಾಸಿನ ಸಂಖ್ಯೆಯ ವರ್ಗಮೂಲದಂತೆ ಆಳವನ್ನು ಹಂಚುತ್ತದೆ. ಮೊದಲ ಪಾಸು 0.35 ಆದರೆ ನಾಲ್ಕನೆಯದರ ಹೊತ್ತಿಗೆ 0.70, ಒಂಬತ್ತನೆಯದರ ಹೊತ್ತಿಗೆ 1.05, ಹನ್ನೊಂದನೆಯದರಲ್ಲಿ ಹೆಚ್ಚುಕಡಿಮೆ ಪೂರ್ತಿ ಆಳ. ಥ್ರೆಡ್ಡಿಗೆ ಮೊದಲು ತುಂಡನ್ನೇ ಓರೆಯಾಗಿ ಕಡೆದಿರಬೇಕು ಎಂಬುದನ್ನು ಅವಸರದವರು ಮರೆಯುತ್ತಾರೆ: 21.38 ವ್ಯಾಸದ ನೇರ ಸರಳಿನ ಮೇಲೆ ಹಾಗೆಯೇ ಕೊರೆಯಲು ಹೊರಟರೆ, ಮೊದಲ ಪಾಸಿನಲ್ಲೇ ಬಾಯಿಯ ಬಳಿ 0.35ರ ಜೊತೆಗೆ ಇನ್ನೂ 0.47 ಮಿ.ಮೀ. ಸೇರಿ, ಇನ್‌ಸರ್ಟ್ ಎಂದು ಕರೆಯುವ ಕಾರ್ಬೈಡ್ ತುಂಡಿನ ಮೂಗು ಮುರಿಯುತ್ತದೆ. ಇನ್‌ಸರ್ಟನ್ನು ಓರೆಗೆ ಲಂಬವಾಗಿ ವಾಲಿಸಬೇಕೆಂಬ ತಪ್ಪು ಕಲ್ಪನೆಯೂ ಅಲ್ಲಲ್ಲಿ ಇದೆ. ಎರಡೂ ಮಾನಕಗಳಲ್ಲಿ ಎಳೆಯ ಕೋನ ಕೊಳವೆಯ ಅಕ್ಷಕ್ಕೆ ಲಂಬವಾಗಿಯೇ ನಿಲ್ಲುತ್ತದೆ, ಎಳೆಗಳ ಅಂತರವನ್ನು ಅಳೆಯುವುದೂ ಅಕ್ಷದ ಗುಂಟವೇ ಹೊರತು ಇಳಿಜಾರಿನ ಗುಂಟವಲ್ಲ.

ಈ ವಿದ್ಯೆ ಗೋದಾವರಿಯ ಸೀಮೆಯಲ್ಲಿ ನೆಲೆಯೂರಿದ್ದಕ್ಕೆ ದೊಡ್ಡ ಕಾರ್ಖಾನೆಗಳ ಸುತ್ತ ಬೆಳೆದ ಸಣ್ಣ ವರ್ಕ್‌ಶಾಪುಗಳೇ ಕಾರಣ. ನಿಫಾಡ್ ತಾಲ್ಲೂಕಿನ ಓಝರ್‌ನಲ್ಲಿ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಎಚ್‌ಎಎಲ್, ಮಿಗ್-21 ವಿಮಾನಗಳಿಗಾಗಿ 1964ರಲ್ಲಿ ಘಟಕ ತೆರೆಯಿತು. ನಾಸಿಕ್‌ನ ಸಾತಪುರ, ಅಂಬಡ್ ಕೈಗಾರಿಕಾ ವಸಾಹತುಗಳು ಬೆಳೆದವು. ಪೂರ್ವಕ್ಕೆ, ಔರಂಗಾಬಾದ್ ಎಂದು ಹೆಸರಿದ್ದ ಇಂದಿನ ಛತ್ರಪತಿ ಸಂಭಾಜಿನಗರದ ವಾಳೂಜ್‌ಗೆ 1985ರಲ್ಲಿ ಬಜಾಜ್ ಆಟೊ ಬಂತು, ಅದರ ಹಿಂದೆ ಬಿಡಿಭಾಗ ತಯಾರಕರೂ ಬಂದರು, ಇಂಡೋ-ಜರ್ಮನ್ ಟೂಲ್ ರೂಮ್ ಅಲ್ಲಿಯ ಹುಡುಗರಿಗೆ ಈ ಯಂತ್ರಗಳ ಪಾಠ ಹೇಳಿತು. ಕರ್ನಾಟಕದಲ್ಲಿ ಅದೇ ಕೆಲಸವನ್ನು ಜಿಟಿಟಿಸಿ ಮಾಡುತ್ತಿದೆ. ಇಂಥ ವರ್ಕ್‌ಶಾಪುಗಳಲ್ಲಿ ಬೆಂಗಳೂರಿನ ಏಸ್ ಡಿಸೈನರ್ಸ್ ತಯಾರಿಸಿದ ಲೇತ್ ಕಂಡರೆ ಅಚ್ಚರಿಪಡಬೇಕಿಲ್ಲ, ಫ್ಯಾನಕ್‌ನ ಭಾರತೀಯ ಕಚೇರಿ ಇರುವುದೂ ಬೆಂಗಳೂರಿನಲ್ಲೇ.

ನಿಫಾಡ್‌ನ ದ್ರಾಕ್ಷಿ ತೋಟಕ್ಕೂ ಕೋಲಾರದ ಟೊಮೆಟೊ ಹೊಲಕ್ಕೂ ಸಮಾನವಾಗಿ ಬೇಕಾದ ಕೊಳವೆಬಾವಿಯ ಲಾರಿಯಲ್ಲಿ ಇದೇ ಲೆಕ್ಕ ಇನ್ನೂ ಕಡಿದಾಗಿ ಎದುರಾಗುತ್ತದೆ. ಅಲ್ಲಿ ಕೊರೆಯುವ ರಾಡುಗಳನ್ನು ಒಂದಕ್ಕೊಂದು ಜೋಡಿಸುವುದು ತೈಲಬಾವಿಗಳಿಗಾಗಿ ಅಮೆರಿಕದಲ್ಲಿ ರೂಪುಗೊಂಡ ಎಪಿಐ ರೆಗ್ಯುಲರ್ ಎಂಬ ದಪ್ಪ ಎಳೆ. ಈ ರಾಡುಗಳಲ್ಲಿ ಕಾಣುವ ಮೂರೂವರೆ ಇಂಚಿನಂಥ ಅಳತೆಗಳಲ್ಲಿ ಇಂಚಿಗೆ ಐದೇ ಎಳೆ, ಓರೆ 4ಕ್ಕೆ 1. ಇಷ್ಟು ಕಡಿದಾದ ಓರೆಯ ಉದ್ದೇಶ ಬೇರೆ: ಮೇಲಿನ ರಾಡನ್ನು ಕೆಳಗಿನದರೊಳಗೆ ಬಹುಪಾಲು ಹಾಗೆಯೇ ಇಳಿಸಿ ಕೆಲವೇ ಸುತ್ತಿನಲ್ಲಿ ಬಿಗಿಯಬಹುದು, ನೂರಾರು ಅಡಿ ಆಳಕ್ಕೆ ರಾಡಿನ ಮೇಲೆ ರಾಡು ಸೇರಿಸುವಾಗ ಅದರಿಂದ ಹೊತ್ತು ಉಳಿಯುತ್ತದೆ. ಗಾಳಿಯ ಒತ್ತಡವನ್ನು ಅಲ್ಲಿ ತಡೆಯುವುದು ಎಳೆಯಲ್ಲ, ಎಳೆಯ ಬುಡದಲ್ಲಿ ಒಂದಕ್ಕೊಂದು ಒತ್ತಿ ಕೂರುವ ಚಪ್ಪಟೆ ಭುಜಗಳು. ಪ್ರೋಗ್ರಾಮಿನಲ್ಲಿ ಆರ್ ಬರೆಯಲು ಓಟದ ದೂರವನ್ನೂ ಸೇರಿಸಿದ ಒಟ್ಟು ಉದ್ದವನ್ನು 32ರ ಬದಲು 8ರಿಂದ ಭಾಗಿಸಬೇಕು. ಎಳೆಗಳ ನಡುವಿನ ಅಂತರ 5.08 ಮಿ.ಮೀ. ಇರುವುದರಿಂದ ಗಾಳಿಯಲ್ಲಿನ ಓಟವೂ 10ರಿಂದ 15 ಮಿ.ಮೀ. ಬೇಕಾಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಲು ಮರೆತರೆ ಬಾಯಿಯ ವ್ಯಾಸದಲ್ಲಿ ಬರುವ ತಪ್ಪು ಬಿಎಸ್‌ಪಿಯಂತೆ ಕೂದಲೆಳೆಯಷ್ಟಲ್ಲ, ಎರಡು ಮಿ.ಮೀ.ಗೂ ಹೆಚ್ಚು, ಮತ್ತು ಅದನ್ನು ಯಾವ ಆಫ್‌ಸೆಟ್‌ನಿಂದಲೂ ಮುಚ್ಚಿಡಲು ಬರುವುದಿಲ್ಲ.